ಆರಡಿಯ ಕಡಲಿಗೆ ಕಾವಲು ಯಾರು?

ಪ್ರಶ್ನೆ: ನಮ್ಮವರು ಸರಕು ಹಡಗಿನಲ್ಲಿ ಎಂಜಿನಿಯರ್. ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟು ನಮ್ಮದು. ಈ ಸಲ ರಜೆಗೆ ಬಂದವರು ಹಾಲ್‌ನಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ ಕಟ್ಟಿಸಿ, ಉಪ್ಪುನೀರು ತುಂಬಿ, ಹವಳ ಬೆಳೆಸುತ್ತೇನೆಂದು ಹಟ ಹಿಡಿದಿದ್ದಾರೆ. ಐದೂವರೆ ಲಕ್ಷದ ಎಸ್ಟಿಮೇಟು, ಐವತ್ತು ಸಾವಿರ ಮುಂಗಡವನ್ನೂ ಕೊಟ್ಟಾಗಿದೆ. ಅಷ್ಟು ಭಾರ ನೆಲ ತಡೆಯುತ್ತದೆಯೇ? ಹವಳ ಸಾಕುವುದೇ ಅಪರಾಧ ಎನ್ನುತ್ತಾರೆ ಪಕ್ಕದ ಮನೆಯವರು, ನಿಜವೇ? ಕರೆಂಟ್ ಬಿಲ್ ಎಷ್ಟಾದೀತು? ‘ಸಾರಿಗೂ ಬಾರದ ಮೀನಿಗೆ ಐದೂವರೆ ಲಕ್ಷವೇ?’ ಎಂದು ಅತ್ತೆಯವರು ದಿನಕ್ಕೆ ಎರಡು ಸಲ ಕೇಳುತ್ತಾರೆ. ಬೇಡ ಎಂದರೆ ನನ್ನ ತಪ್ಪೇ? ನಾನೂ ಕುಮಟಾ ಕಡೆಯವಳು. ಚಿಕ್ಕವಳಿದ್ದಾಗ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಹೊಂಡ ನೋಡುತ್ತ ಕೂತು ಬೈಸಿಕೊಂಡವಳೇ. ಜುಲೈ ಕೊನೆಗೆ ಅವರು ಮತ್ತೆ ಹಡಗು ಹತ್ತುತ್ತಾರೆ.
– ಹೆಸರು ಬೇಡ, ಬೆಂಗಳೂರು

ಉತ್ತರ: ಕೇಳಬೇಕಾದದ್ದನ್ನೆಲ್ಲ ಕೇಳಿದ್ದೀರಿ. ಆದರೆ ನಿಮ್ಮ ಚಿಂತೆಯ ಬೇರು ಇರುವುದು ಪ್ರಶ್ನೆಗಳಲ್ಲಿ ಅಲ್ಲವೇ ಅಲ್ಲ. ಕೊನೆಗೆ, ಹೇಳಿಯೂ ಹೇಳದಂತೆ ಬರೆದ ಆ ಜುಲೈ ಸಾಲಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯಲ್ಲಿ ಒಂಬತ್ತು ವರ್ಷದಿಂದ ಮೂರಡಿಯ ಉಪ್ಪುನೀರಿನ ತೊಟ್ಟಿಯೊಂದಿದೆ. ಮಗ ಶುರುಮಾಡಿದ್ದು, ಅವನು ಓದಲು ಹೊರಟ ಮೇಲೆ ನನ್ನ ಕೊರಳಿಗೆ ಬಿದ್ದದ್ದು. ಹಾಗಾಗಿ ಈ ಉತ್ತರದಲ್ಲಿ ಸಲಹೆಗಾರ್ತಿ ಎಷ್ಟೋ, ಬಕೆಟ್ ಹೊತ್ತವಳೂ ಅಷ್ಟೇ.

ನೆಲದ ಮಾತು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂದರೆ ಸುಮಾರು 650 ಲೀಟರ್. ಗಾಜು, ಬಂಡೆ, ಸ್ಟ್ಯಾಂಡು, ಕೆಳಗಿನ ಸಂಪು ಎಲ್ಲ ಸೇರಿ ಒಂದು ಟನ್ ದಾಟುತ್ತದೆ. ವಾಸದ ಮನೆಯ ನೆಲಕ್ಕೆ ನಮ್ಮ ಐಎಸ್ 875 ಮಾನಕ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೊ. ನಿಮ್ಮ ತೊಟ್ಟಿ ಕೂರುವುದೇ ಒಂದು ಚದರ ಮೀಟರಿನಷ್ಟು ಜಾಗದಲ್ಲಿ. ತೊಟ್ಟಿ ಇಟ್ಟ ಕೂಡಲೇ ನೆಲ ಕುಸಿದೀತು ಅಂತಲ್ಲ, ಭಾರ ಸುತ್ತಲಿನ ಸ್ಲ್ಯಾಬಿಗೆ, ತೊಲೆಗಳಿಗೆ ಹಂಚಿಹೋಗುತ್ತದೆ. ಎಷ್ಟು ಹಂಚಿಹೋಗುತ್ತದೆ ಎಂಬುದನ್ನು ನಾನೂ ಹೇಳಲಾರೆ, ತೊಟ್ಟಿ ಮಾಡುವವರೂ ಹೇಳಲಾರರು. ಕಟ್ಟಡದ ನಕ್ಷೆ ಹಿಡಿದು ಸ್ಟ್ರಕ್ಚರಲ್ ಎಂಜಿನಿಯರೊಬ್ಬರನ್ನು ಮನೆಗೆ ಕರೆಸಿ. ಅವರು ಬಾಯಲ್ಲಿ ‘ಏನಾಗಲ್ಲ’ ಅಂದರೆ ಸಾಲದು, ಬರೆದು ಕೊಡಲಿ. ಹಾಲ್‌ನ ನಡುವೆ ಇಡುವ ಆಸೆಯಿದ್ದರೆ ಇಂದೇ ಬಿಡಿಸಿ. ತೊಲೆ ಹಾದುಹೋಗುವ ಗೋಡೆಯ ಪಕ್ಕವೇ ಅದಕ್ಕೆ ಜಾಗ. ಸ್ಟ್ಯಾಂಡ್ ಮೇಲೆ ಗಾರೆಯವರ ರಸಮಟ್ಟ ಇಟ್ಟು ನಾಲ್ಕೂ ಮೂಲೆ ನೋಡಿದ ಮೇಲೆ ನೀರು.

ಇನ್ನು, ತೊಟ್ಟಿ ಮನೆಗೆ ಬಂದ ದಿನ ಒಂದು ಪರೀಕ್ಷೆ ಮಾಡಿ. ಮೇಲಿನ ತೊಟ್ಟಿಯಿಂದ ಉಕ್ಕಿದ ನೀರು ಕೊಳವೆಯಲ್ಲಿ ಕೆಳಗಿನ ಸಂಪಿಗೆ ಇಳಿಯುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆತ್ತುತ್ತದೆ. ಕರೆಂಟ್ ಹೋದರೆ ಎತ್ತುವುದು ನಿಲ್ಲುತ್ತದೆ, ಇಳಿಯುವುದು ಕೂಡಲೇ ನಿಲ್ಲುವುದಿಲ್ಲ. ಕೊಳವೆಯಲ್ಲಿದ್ದದ್ದು, ಅಂಚಿನ ಮೇಲಿದ್ದದ್ದು ಎಲ್ಲ ಸಂಪಿಗೇ ಬರುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇರದಿದ್ದರೆ ಉಳಿದದ್ದು ನಿಮ್ಮ ಹಾಲ್‌ಗೆ, ಅಲ್ಲಿಂದ ಮೂರನೇ ಮಹಡಿಯವರ ಸೀಲಿಂಗಿಗೆ. ಬರೀ ನಲ್ಲಿ ನೀರು ತುಂಬಿಸಿ, ತಯಾರಕರು ಅಲ್ಲೇ ನಿಂತಿರುವಾಗಲೇ ಪಂಪಿನ ಸ್ವಿಚ್ ಆರಿಸಿ, ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಬಾಕಿ ಹಣ ಆಮೇಲೆ ಕೊಟ್ಟರೆ ಸಾಕು. ನಿಮ್ಮವರು ಎಂಜಿನ್ ರೂಮಿನಲ್ಲಿ ಬದುಕಿದವರು, ಇದನ್ನು ಬೇಡ ಅನ್ನಲಾರರು.

ಪಕ್ಕದ ಮನೆಯವರ ಮಾತಿನಲ್ಲಿ ಹುರುಳಿದೆ. ಬಂಡೆ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ, ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಸಮುದ್ರ ಕುದುರೆಗೂ ಕಾಯ್ದೆಯ ರಕ್ಷಣೆ ಇದೆ. ಮೊದಲ ಪರಿಚ್ಛೇದದ ಜೀವಿಗಳ ವಿಷಯದಲ್ಲಿ ತಪ್ಪಿದರೆ ಶಿಕ್ಷೆ ಮೂರರಿಂದ ಏಳು ವರ್ಷ ಜೈಲು. ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿಯ ಹವಳವಾಗಲಿ, ಲಕ್ಷದ್ವೀಪದ್ದಾಗಲಿ, ಮನ್ನಾರ್ ಕೊಲ್ಲಿಯದ್ದಾಗಲಿ, ಒಂದು ಚೂರೂ ಮನೆಗೆ ಬರುವಂತಿಲ್ಲ. ಅದು ಅಂಟಿಕೊಂಡ ಬಂಡೆಯೂ ಬರುವಂತಿಲ್ಲ. ‘ವಿದೇಶದ್ದು ಮೇಡಂ, ಏನೂ ತೊಂದರೆಯಿಲ್ಲ’ ಎಂದು ಅಂಗಡಿಯಲ್ಲಿ ಹೇಳಿದರೆ ಆಮದಿನ ದಾಖಲೆ ಕೇಳಿ. ವಿದೇಶದ ಗಟ್ಟಿ ಹವಳವೂ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿದೆ, 2022ರ ತಿದ್ದುಪಡಿ ಬಂದ ಮೇಲೆ ಅಂಥ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಬೇಕು. ನನ್ನನ್ನು ಕೇಳಿದರೆ ಗಟ್ಟಿ ಹವಳದ ಆಸೆಯನ್ನೇ ಬಿಡಿ. ಬಂಡೆ ಮನುಷ್ಯರು ಮಾಡಿದ್ದೇ ಆಗಲಿ. ಮೆದು ಹವಳ ತರುವ ಮೊದಲೂ ಅದರ ವೈಜ್ಞಾನಿಕ ಹೆಸರು ಬರೆದು ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗಕ್ಕೆ ಒಂದು ಅರ್ಜಿ ಹಾಕಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಮೀನಿನದು ಇಷ್ಟು ತೊಡಕಿಲ್ಲ. ಬಿಳಿ ಪಟ್ಟೆಯ ಕೋಡಂಗಿ ಮೀನನ್ನು ಮೊಟ್ಟೆಯಿಂದ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಢಿಗೆ ತಂದಿದೆ. ಕಡಲಿನಿಂದ ಹಿಡಿದದ್ದು ಬೇಡ, ಮರಿಕೇಂದ್ರದ್ದೇ ಬೇಕು ಎಂದು ಕೇಳಿ.

ಎಲ್ಲರೂ ಎಡವುವುದು ಉಪ್ಪಿನಲ್ಲಿ. ನಾನೂ ಎಡವಿದೆ. ನಿಮ್ಮ ಕುಮಟಾ ಕಡೆಯ ಸಾಣಿಕಟ್ಟಾದ ಉಪ್ಪಿನಾಗರ ನೀವು ನೋಡಿಯೇ ಇರುತ್ತೀರಿ. ಗದ್ದೆಗೆ ಕಡಲನೀರು ಬಿಡುತ್ತಾರೆ, ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ನಿಮ್ಮ ಹಾಲ್‌ನಲ್ಲೂ ನಡೆಯುವುದು ಅದೇ. ಆರಡಿಯ ತೊಟ್ಟಿಯಿಂದ ದಿನಕ್ಕೆ ಐದಾರು ಲೀಟರ್ ಆವಿಯಾಗುತ್ತದೆ. ಆರಿದ್ದು ಬರೀ ನೀರು, ಹಾಗಾಗಿ ತುಂಬಬೇಕಾದದ್ದೂ ಬರೀ ಸಿಹಿನೀರು. ಮಗ ಹೋದ ಮೊದಲ ತಿಂಗಳು ನಾನು ಮಟ್ಟ ಇಳಿದಾಗಲೆಲ್ಲ ಉಪ್ಪುನೀರನ್ನೇ ಕದಡಿ ಸುರಿದೆ. ಸಮುದ್ರದ ಮೀನಿಗೆ ಸಮುದ್ರದ ನೀರು, ಇದರಲ್ಲೇನು ತಪ್ಪು ಎಂದುಕೊಂಡಿದ್ದೆ! ಮೂರನೇ ವಾರ ಮೆದು ಹವಳದ ಬೆರಳುಗಳೆಲ್ಲ ಮುದುಡಿ, ಒಗೆದು ಹಿಂಡಿದ ಕೈಗವಸಿನಂತೆ ಕೂತಿದ್ದವು. ಮೀನು ಮೇಲ್ಮೈಗೆ ಬಂದು ಏದುತ್ತಿತ್ತು. ಒಂದು ಹನಿ ನೀರನ್ನು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ಹಾಕಿ ಕಿಟಕಿಯ ಬೆಳಕಿಗೆ ಹಿಡಿದರೆ 1.025 ಇರಬೇಕಾದ ಗೆರೆ 1.032ಕ್ಕೆ ಏರಿತ್ತು. ಒಂದೇ ಏಟಿಗೆ ಇಳಿಸುವಂತೆಯೂ ಇಲ್ಲ, ಮೀನಿನ ಮೈ ತಡೆಯದು. ದಿನಕ್ಕಿಷ್ಟು ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಸೇರಿಸುತ್ತ ವಾರ ಕಳೆದೆ. ಹವಳ ಮತ್ತೆ ಬೆರಳು ಬಿಚ್ಚಿದ್ದು ಹದಿನೈದು ದಿನಕ್ಕೆ.

ಆ ಸಿಹಿನೀರೂ ನಲ್ಲಿಯದಾಗಬಾರದು. ಟ್ಯಾಂಕರಿನ ಬೋರ್‌ವೆಲ್ ನೀರು ಸುತರಾಂ ಬೇಡ, ಅಡುಗೆಮನೆಯ ಆರ್‌ಒ ಕೂಡ ಸಾಲದು. ಅದರ ಮುಂದೆ, ಉಳಿದ ಲವಣವನ್ನೂ ತೆಗೆಯುವ ಡಿಐ ಶೋಧಕವೊಂದನ್ನು ಸೇರಿಸಿ, ಟಿಡಿಎಸ್ ಮೀಟರು ಸೊನ್ನೆ ತೋರಿಸಬೇಕು. ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸುತ್ತೀರಿ ಅಂದುಕೊಳ್ಳಿ. 65 ಲೀಟರ್ ಶುದ್ಧ ನೀರು, ಲೀಟರಿಗೆ 35 ಗ್ರಾಮಿನಂತೆ ಎರಡೂಕಾಲು ಕಿಲೊ ಅಕ್ವೇರಿಯಂ ಉಪ್ಪು, ಜೊತೆಗೆ ಆರ್‌ಒ ಹೊರಚೆಲ್ಲುವ ಅದರ ಎರಡು ಮೂರು ಪಟ್ಟು ನೀರು. 2024ರ ಬೇಸಿಗೆಯ ನೀರಿನ ಬರ ನೋಡಿದ ಬೆಂಗಳೂರಿಗರಿಗೆ ಇದು ಕರುಳು ಚುರುಕ್ ಎನ್ನಿಸುವ ಲೆಕ್ಕ. ಹೊರಚೆಲ್ಲಿದ್ದು ನೆಲ ಒರೆಸಲು, ಕಕ್ಕಸಿಗೆ ಆಗುತ್ತದೆ. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಮಾತ್ರ ಅತ್ತೆಯವರ ತುಳಸಿಗೆ ಹಾಕಿಬಿಟ್ಟೀರಿ!

ಕರೆಂಟು: ದೀಪ, ಪಂಪು, ಅಲೆ ಎಬ್ಬಿಸುವ ಯಂತ್ರ, ಬೇಸಿಗೆಯಲ್ಲಿ ಚಿಲ್ಲರು ಎಲ್ಲ ಸೇರಿ ತಿಂಗಳಿಗೆ 250 ಯೂನಿಟ್ ಆದೀತೆಂದು ನನ್ನ ಅಂದಾಜು. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯನ್ನು ಮರೆತುಬಿಡಿ. ಚಿಲ್ಲರ್ ಬೇಡ, ಫ್ಯಾನ್ ಸಾಕು ಎನ್ನುವವರಿದ್ದಾರೆ. ಮೂರಡಿಗೆ ನನಗೆ ಸಾಕಾಗಿದೆ. ಆದರೆ ಹವಳಕ್ಕೆ ಹಿತವಾದದ್ದು 24ರಿಂದ 27 ಡಿಗ್ರಿ. ನೀರು ಹೆಚ್ಚು ದಿನ ಬಿಸಿಯಾಗಿಯೇ ಉಳಿದರೆ ತನಗೆ ಅನ್ನ ಹಾಕುವ ಪಾಚಿಯನ್ನೇ ಅದು ಹೊರಗೆ ದಬ್ಬಿ ಬೆಳ್ಳಗಾಗುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡದ್ದು ಹೀಗೆಯೇ. ಅಲೆಯ ಯಂತ್ರವನ್ನು ಯುಪಿಎಸ್‌ಗೆ ಸೇರಿಸಿ, ರಾತ್ರಿ ಕರೆಂಟ್ ಹೋದರೆ ಮೀನು ಸಾಯುವುದು ಕತ್ತಲೆಗಲ್ಲ, ಉಸಿರುಗಟ್ಟಿ.

ಇನ್ನು ಜುಲೈ ಮಾತು. ನೀರು ತುಂಬಿದ ಮಾರನೇ ದಿನ ಮೀನು ಬಿಡುವಂತಿಲ್ಲ. ಮೀನಿನ ಹೇಲು, ತಿಂದು ಬಿಟ್ಟ ಆಹಾರ ಕೊಳೆತರೆ ಅಮೋನಿಯಾ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ಜೀವ. ಈ ಹೆಪ್ಪು ಬಂಡೆಯ ಸಂದಿಗೊಂದಿಗಳಲ್ಲಿ ಕೂರಲು ನಾಲ್ಕರಿಂದ ಆರು ವಾರ ಬೇಕು. ಆಮೇಲೆ ಮರಳು, ಗಾಜು ಎಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ, ಹಸಿರು ಕೂದಲಿನಂಥ ಪಾಚಿ ಹಬ್ಬುತ್ತದೆ. ಹೊಸ ತೊಟ್ಟಿಗಳೆಲ್ಲ ಹೀಗೊಮ್ಮೆ ಕೊಳಕಾಗಿಯೇ ಆಗುತ್ತವೆ. ಕ್ಯಾಲೆಂಡರ್ ತೆಗೆದು ನೋಡಿ. ಈಗ ಮೇ. ತೊಟ್ಟಿ ಕಟ್ಟಿ ತರಲು ಮೂರ್ನಾಲ್ಕು ವಾರ, ಹೆಪ್ಪು ಕೂರಲು ಆರು ವಾರ. ಮೊದಲ ಮೀನು ಮನೆಗೆ ಬರುವ ವಾರವೇ ನಿಮ್ಮವರು ಪೆಟ್ಟಿಗೆ ಕಟ್ಟುವ ವಾರ. ಕೊಳಕು ತಿಂಗಳುಗಳಷ್ಟೂ ನಿಮ್ಮ ಪಾಲಿಗೆ.

ಇದನ್ನು ಕಂಡೇ ನೀವು ಬೇಡ ಎನ್ನುತ್ತಿದ್ದೀರಿ, ತಪ್ಪೇನಿಲ್ಲ. ತಪ್ಪಿದ್ದರೆ, ಅದನ್ನು ನೆಲ, ಬಿಲ್ಲು, ಅತ್ತೆ ಎಂದು ಬೇರೆಯವರ ಬಾಯಿಂದ ಹೇಳಿಸುತ್ತಿರುವುದರಲ್ಲಿ. ‘ನೀವಿಲ್ಲದ ತಿಂಗಳುಗಳಲ್ಲಿ ಇದನ್ನು ನೋಡಿಕೊಳ್ಳುವವಳು ನಾನು. ಆದ್ದರಿಂದ ಇದು ಎಷ್ಟು ದೊಡ್ಡದಿರಬೇಕು, ಯಾವಾಗ ಶುರುವಾಗಬೇಕು ಎಂದು ನಿರ್ಧರಿಸುವವಳೂ ನಾನೇ’ ಎಂದು ನೇರವಾಗಿ ಹೇಳಿ. ಆಮೇಲೆ ನೀವೇ ಒಂಟಿಯಾಗಿ ಯೋಚಿಸಿ: ನಿಮಗೆ ಆ ತೊಟ್ಟಿ ನಿಜಕ್ಕೂ ಬೇಡವೇ? ನನಗೆ ಅನುಮಾನ. ಕುಮಟಾದ ಹೊಂಡದ ಮಾತನ್ನು ಯಾರೂ ಕೇಳದೆಯೇ ಬರೆದಿದ್ದೀರಿ.

ಬೇಕು ಅನ್ನಿಸಿದರೆ ಮೂರಡಿಯದು ಮಾಡಿಸಿ. ಸುಮಾರು 180 ಲೀಟರ್, ಒಬ್ಬರ ಕೈಗೆ ನಿಲುಕುವಂಥದ್ದು. ಮುಂಗಡ ಅದಕ್ಕೇ ವಜಾ ಆಗಲಿ. ಈ ರಜೆಯಲ್ಲಿ ಮರಳು, ಬಂಡೆ, ನೀರು ಮಾತ್ರ; ಪಾಚಿ ತಿನ್ನುವ ನಾಲ್ಕು ಶಂಖದ ಹುಳು ಬೇಕಾದರೆ ಬರಲಿ. ಮೀನು ಅವರು ಮರಳಿ ಬಂದ ಮೇಲೆ. ಹಡಗಿನಲ್ಲಿ ಕೆಲಸ ಬಿಟ್ಟುಕೊಡುವಾಗ ಬರೆಯುತ್ತಾರಲ್ಲ ಹ್ಯಾಂಡೋವರ್ ನೋಟ್, ಅಂಥದ್ದೊಂದನ್ನು ನಿಮಗೂ ಬರೆದುಕೊಡಲಿ: ಯಾವ ಸ್ವಿಚ್ ಯಾವುದಕ್ಕೆ, ಯಾವ ಅಳತೆ ಎಷ್ಟಿರಬೇಕು, ಯಾವುದಕ್ಕೆ ಯಾರಿಗೆ ಫೋನು. ಹೊರಡುವ ಮುಂಚಿನ ಎರಡು ವಾರ ಎಲ್ಲವನ್ನೂ ನೀವೇ ಮಾಡಿ, ಅವರು ಕೈಕಟ್ಟಿ ನೋಡಲಿ.

ಅದಕ್ಕೂ ಮೊದಲು ಇವತ್ತು ಸಂಜೆ ಹಳೆ ಪೇಪರುಗಳನ್ನು ಅಂಟಿಸಿ ಆರಡಿಗೆ ಎರಡಡಿ ಕತ್ತರಿಸಿ ಹಾಲ್‌ನ ನೆಲಕ್ಕೆ ಹಾಸಿ. ಪಕ್ಕದಲ್ಲೇ ಮೂರಡಿಗೆ ಒಂದೂವರೆಯದು ಇನ್ನೊಂದು. ಒಂದು ವಾರ ಎರಡನ್ನೂ ಸುತ್ತಿ ಓಡಾಡಿ, ತುಂಬಿದ ಬಕೆಟ್ ಹಿಡಿದು ಬಚ್ಚಲಿನಿಂದ ಅಲ್ಲಿಯ ತನಕ ನಡೆದು ನೋಡಿ. ಅತ್ತೆಯವರ ಕುರ್ಚಿ ಎಲ್ಲಿಗೆ ಸರಿಯುತ್ತದೆ ಎಂಬುದನ್ನೂ ಗಮನಿಸಿ.