ಹಿಮದೇಶದ ದಾದಿ



ನಮ್ಮ ಹಳ್ಳಿಯಲ್ಲಿ ಒಬ್ಬನಿಗೆ ರೋಗವು ಬಲವಾದರೆ ಅವನನ್ನು ಹೇಗಾದರೂ ಪಟ್ಟಣದ ಆಸ್ಪತ್ರೆಗೆ ಒಯ್ಯುವೆವು. ದಾರಿಯು ದೂರವಾದರೂ ದಾರಿಯೆಂಬದು ಉಂಟು. ದಾರಿಯೇ ಇಲ್ಲದ ಸೀಮೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ದಾದಿಯು ತನ್ನ ಕೆಲಸವನ್ನು ಹೇಗೆ ನಡಿಸುವಳೆಂಬದನ್ನೂ, ಔಷಧಕ್ಕಿಂತ ಮೊದಲು ಆಕೆಗೆ ಬೇಕಾದದ್ದು ಯಾವದೆಂಬದನ್ನೂ ಈ ಪಾಠದಲ್ಲಿ ವಿಚಾರಿಸೋಣ.

1. ದೇಶವೂ ಜನರೂ

ಕೆನಡಾ ದೇಶದ ಬಡಗಣ ಭಾಗದಲ್ಲಿ ನೂನವೂಟ್ ಎಂಬ ಸೀಮೆಯುಂಟು. 1999ನೇ ಏಪ್ರಿಲ್ 1ರಂದು ಅದು ಪ್ರತ್ಯೇಕ ಸೀಮೆಯಾಯಿತು. ಅಲ್ಲಿಯ ನಿವಾಸಿಗಳಲ್ಲಿ ಹೆಚ್ಚಿನವರು ಇನುಯಿಟ್ ಎಂಬ ಜನರು. ಸೀಮೆಯ ವಿಸ್ತಾರವು ಸುಮಾರು 20 ಲಕ್ಷ ಚದರ ಕಿಲೋಮೀಟರು. 2021ರ ಜನಗಣತಿಯಲ್ಲಿ ಲೆಕ್ಕಕ್ಕೆ ಬಂದ ಜನರಾದರೋ 36,858 ಮಾತ್ರ. ಅವರು 25 ಊರುಗಳಲ್ಲಿ ವಾಸಿಸುತ್ತಾರೆ. ಒಂದೂರಿನಿಂದ ಮತ್ತೊಂದೂರಿಗೆ ರಸ್ತೆಯಿಲ್ಲ. ಹಿಮಗಡ್ಡೆ ಕರಗುವ ಬೇಸಿಗೆಯಲ್ಲಿ ಹಡಗು ಬರುವದು. ಉಳಿದ ಕಾಲದಲ್ಲಿ ವಿಮಾನವೇ ಗತಿ.

ಇವುಗಳಲ್ಲಿ ಎಲ್ಲಕ್ಕಿಂತ ಬಡಗಲಿಗಿರುವದು ಗ್ರೀಸ್ ಫಿಯೋರ್ಡ್. 2021ರಲ್ಲಿ ಅಲ್ಲಿದ್ದವರು 144 ಜನರು. ಇನುಯಿಟರ ಮಾತಿನಲ್ಲಿ ಅದರ ಹೆಸರಿಗೆ "ಎಂದಿಗೂ ಕರಗದ ಸ್ಥಳ" ಎಂದರ್ಥ. ನವೆಂಬರ ಮೊದಲಿನಿಂದ ಫೆಬ್ರುವರಿಯ ತನಕ ಅಲ್ಲಿ ಸೂರ್ಯೋದಯವೇ ಇಲ್ಲ. ಭೂಮಿಯು ಆಳದ ವರೆಗೆ ಹೆಪ್ಪುಗಟ್ಟಿರುವದರಿಂದ ಮನೆಗಳನ್ನು ಕಂಬಗಳ ಮೇಲೆ ಕಟ್ಟುತ್ತಾರೆ. ಕುಡಿಯುವ ನೀರನ್ನು ಲಾರಿಯಲ್ಲಿ ತಂದು ಮನೆಮನೆಯ ತೊಟ್ಟಿಗೆ ತುಂಬುತ್ತಾರೆ.

2. ದಾದಿಯ ದಿನದ ಕೆಲಸ

ಇಡೀ ಸೀಮೆಗೆ ದೊಡ್ಡ ಆಸ್ಪತ್ರೆಯು ರಾಜಧಾನಿಯಾದ ಇಕಾಲುಯಿಟ್ ಪಟ್ಟಣದಲ್ಲಿ ಒಂದೇ. ಸಣ್ಣ ಊರುಗಳಲ್ಲಿ ಒಂದೊಂದು ಆರೋಗ್ಯಶಾಲೆ ಇರುವದು. ಅದನ್ನು ನಡಿಸುವವರು ದಾದಿಯರು. ವೈದ್ಯರು ಆಗಾಗ್ಗೆ ವಿಮಾನದಲ್ಲಿ ಬಂದು ಕೆಲವು ದಿವಸವಿದ್ದು ಹೋಗುತ್ತಾರೆ. ಮಿಕ್ಕ ದಿವಸಗಳಲ್ಲಿ ದಾದಿಯು ದೂರದ ವೈದ್ಯರ ಸಂಗಡ ಟೆಲಿಫೋನಿನಲ್ಲಿ ಮಾತಾಡಿ ನಡೆಯಬೇಕು.

ಬೆಳಿಗ್ಗೆ ಕೆಮ್ಮು, ಜ್ವರ, ಕಿವಿನೋವು ಎಂದು ಬಂದವರನ್ನು ಆಕೆಯು ಪರೀಕ್ಷಿಸಿ ತಾನೇ ಔಷಧ ಕೊಡುವಳು. ಗಾಯಕ್ಕೆ ಹೊಲಿಗೆ ಹಾಕುವಳು. ಶಿಶುಗಳನ್ನು ತೂಗಿ ಲಸಿಕೆ ಚುಚ್ಚುವಳು. ತೆಗೆದ ರಕ್ತವನ್ನು ವಿಮಾನ ಬರುವ ದಿನ ನೋಡಿ ಕಳುಹಿಸುವಳು. ಬಿರುಗಾಳಿಯಿಂದ ವಿಮಾನ ನಿಂತರೆ ಅದು ಕೆಟ್ಟು ಹೋಗುವದು, ಮತ್ತೆ ತೆಗೆಯಬೇಕಾಗುವದು. ರಾತ್ರಿಯಲ್ಲಿಯೂ ಸರದಿಯ ದಾದಿಗೆ ನಿದ್ರೆಯ ಭರವಸವಿಲ್ಲ.

ರೋಗಿಯ ಸ್ಥಿತಿ ಕಠಿಣವಾದರೆ ವಿಮಾನವನ್ನು ಕರಿಸುವರು. ಆದರೆ ಗಾಳಿಯು ಹಿಮವನ್ನೆಬ್ಬಿಸಿ ಕಣ್ಣು ಕಟ್ಟುವಾಗ ವಿಮಾನವು ಇಳಿಯಲಾರದು. ಆಗ ಆಕೆಯು ರೋಗಿಯ ಬಳಿಯಲ್ಲಿ ಕೂತು, ಇದ್ದ ಸಾಧನಗಳಿಂದಲೇ ಪ್ರಾಣವನ್ನು ಕಾಯಬೇಕು. ಗರ್ಭಿಣಿಯರನ್ನು ಹೆರಿಗೆಗೆ ಕೆಲವು ವಾರ ಮುಂಚೆಯೇ ದೂರದ ಪಟ್ಟಣಕ್ಕೆ ಕಳುಹಿಸುವ ವಾಡಿಕೆಯುಂಟು. ಮನೆಯವರನ್ನು ಬಿಟ್ಟು, ಪರಸ್ಥಳದಲ್ಲಿ ಹೆರುವದು ಆ ತಾಯಂದಿರಿಗೆ ಸಣ್ಣ ದುಃಖವಲ್ಲ.

3. ಹೊಸ ದಾದಿಯು ಕಲಿಯತಕ್ಕದ್ದು

ದಾದಿಯರಲ್ಲಿ ಹೆಚ್ಚಿನವರು ತೆಂಕಣ ಪಟ್ಟಣಗಳಿಂದ ಕೆಲವು ವಾರ ಇಲ್ಲವೆ ಕೆಲವು ತಿಂಗಳ ಮಟ್ಟಿಗೆ ಬರುವವರು. ಆರೋಗ್ಯಶಾಲೆಯಲ್ಲಿ ನೆಲೆಯಾಗಿರುವವನು ಊರಿನ ದುಭಾಷಿಯೇ. ಹೊಸಬಳು ಒಬ್ಬ ಅಜ್ಜಿಯನ್ನು, "ಎದೆ ನೋಯುತ್ತದೋ?" ಎಂದು ಕೇಳುವಳು. ಅಜ್ಜಿ ಸುಮ್ಮನಿರುವಳು. ಉತ್ತರ ಬರಲಿಲ್ಲವೆಂದು ಗಟ್ಟಿಯಾಗಿ ಮತ್ತೆ ಕೇಳುವಳು. ಅಜ್ಜಿಯಾದರೋ ಆಗಲೇ ಉತ್ತರ ಕೊಟ್ಟಾಯಿತು. ಹೇಗಂದರೆ, ಇನುಯಿಟರಲ್ಲಿ ಹುಬ್ಬೇರಿಸಿದರೆ ಹೌದೆಂದು, ಮೂಗು ಸುಕ್ಕಿಸಿದರೆ ಅಲ್ಲವೆಂದು ಅರ್ಥ. ಹೀಗೆಯೇ, ಕಾಯಿಪಲ್ಯ ತಿನ್ನಿರೆಂದು ಬುದ್ಧಿ ಹೇಳಿದರೆ, ವಿಮಾನದಲ್ಲಿ ಬರುವ ಕಾಯಿಪಲ್ಯದ ಬೆಲೆಯನ್ನು ಬಲ್ಲವರು ನಕ್ಕಾರು. ಅವರ ಹಿರಿಯರು ತಿಂದ ತಿಮಿಂಗಿಲದ ತೊಗಲಿನಲ್ಲಿಯೇ ಸಿ ಜೀವಸತ್ವವು ಬೇಕಾದಷ್ಟು ಉಂಟು. ಕಲಿಸುವದಕ್ಕೆ ಬಂದವಳು ಮೊದಲು ಕಲಿಯತಕ್ಕವಳು.

4. ಹಡಗಿನ ನೆನಪು

ಇದಕ್ಕಿಂತ ಭಾರವಾದ ಒಂದು ಸಂಗತಿಯುಂಟು. 1950ರಿಂದ 1969ರ ತನಕ ಸಿ. ಡಿ. ಹೌ ಎಂಬ ಸರಕಾರದ ಹಡಗು ಬೇಸಿಗೆಯಲ್ಲಿ ಪೂರ್ವ ಹಿಮಪ್ರಾಂತದ ಊರುಗಳಿಗೆ ಬರುತ್ತಿತ್ತು. ಅದರಲ್ಲಿ ವೈದ್ಯರು ಇನುಯಿಟರ ಎದೆಯ ಕ್ಷಕಿರಣ ಚಿತ್ರ ತೆಗೆಯುತ್ತಿದ್ದರು. ಕ್ಷಯರೋಗವು ಕಂಡುಬಂದವರಲ್ಲಿ ಎಷ್ಟೋ ಮಂದಿಯನ್ನು ದಡಕ್ಕಿಳಿದು ಮಕ್ಕಳ ಮುಖ ನೋಡುವದಕ್ಕೂ ಬಿಡದೆ ತೆಂಕಣ ಆರೋಗ್ಯಧಾಮಗಳಿಗೆ ಒಯ್ದರು. 1956ರ ಸುಮಾರಿಗೆ ಇನುಯಿಟರಲ್ಲಿ ಏಳು ಮಂದಿಗೆ ಒಬ್ಬರಂತೆ ಅಲ್ಲಿದ್ದರು. ಅನೇಕರು ಗುಣವಾಗಿ ಬಂದದ್ದು ನಿಜ. ಆದರೆ ಕೆಲವು ಮಕ್ಕಳು ತಾಯಿಯ ಮಾತನ್ನು ಮರೆತು ಬಂದರು. ಕೆಲವರು ಅಲ್ಲಿಯೇ ಸತ್ತರು. ಅವರನ್ನು ಎಲ್ಲಿ ಹೂಣಿಟ್ಟರೆಂಬದು ಮನೆಯವರಿಗೆ ತಿಳಿಯಲಿಲ್ಲ. 2019ನೇ ಮಾರ್ಚ್ 8ರಂದು ಕೆನಡಾದ ಪ್ರಧಾನಮಂತ್ರಿಗಳು ಇಕಾಲುಯಿಟಿಗೆ ಬಂದು ಇದಕ್ಕಾಗಿ ಕ್ಷಮೆ ಬೇಡಿದರು. ಸಮಾಧಿಗಳನ್ನು ಹುಡುಕಿ ತಿಳಿಸುವ ಕಾರ್ಯಕ್ಕೆ "ನಾನಿಲಾವುಟ್" ಎಂದು ಹೆಸರು. "ಅವರನ್ನು ಕಂಡುಹಿಡಿಯೋಣ" ಎಂದು ಅದರ ಅರ್ಥ.

ಆದದರಿಂದ ಇಂದು ಒಬ್ಬ ಮುದುಕನು ಕೆಮ್ಮನ್ನು ಬಚ್ಚಿಟ್ಟರೆ ಅದು ಮೂಢತನವೆಂದು ಹೇಳಬಾರದು. ಅವನ ತಾಯಿ ಆ ಹಡಗನ್ನು ಹತ್ತಿ ಹೋದವಳಾಗಿರಬಹುದು. ತಾನು ಮಾಡದ ತಪ್ಪಿನ ಭಾರವನ್ನು ದಾದಿಯು ಹೊರಬೇಕಾಗಿದೆ.

5. ಮನೆಯಲ್ಲಿಯೇ ಚಿಕಿತ್ಸೆ

ಅದೇ 1956ರಲ್ಲಿ ನಮ್ಮ ನೆರೆಯ ಮದ್ರಾಸಿನಲ್ಲಿ ಒಂದು ಪರೀಕ್ಷೆಯು ಆರಂಭವಾಯಿತು. ಬಡ ಕ್ಷಯರೋಗಿಗಳಲ್ಲಿ ಕೆಲವರಿಗೆ ಆರೋಗ್ಯಧಾಮದಲ್ಲಿಯೂ, ಕೆಲವರಿಗೆ ಅವರವರ ಮನೆಯಲ್ಲಿಯೂ ಒಂದೇ ಔಷಧವನ್ನು ಒಂದು ವರುಷ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಅದರಿಂದ ಮನೆಮಂದಿಗೆ ರೋಗವು ಹೆಚ್ಚಾಗಿ ತಗಲಲೂ ಇಲ್ಲ. ಈ ಫಲವು 1959ರಲ್ಲಿ ಪ್ರಕಟವಾಯಿತು. ಅದೇ ವರುಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಯಾಗಿ, ಸಾಧಾರಣ ಔಷಧಾಲಯಗಳ ಮೂಲಕ ಚಿಕಿತ್ಸೆ ನಡಿಸುವ ಕ್ರಮವನ್ನು ರೂಪಿಸಿತು.

ಇಂದು ನೂನವೂಟಿನಲ್ಲಿಯೂ ಸಾಧ್ಯವಾದಷ್ಟು ಊರಲ್ಲಿಯೇ ಚಿಕಿತ್ಸೆ. ಮಾತ್ರೆಯನ್ನು ಕಣ್ಣೆದುರಿಗೆ ನುಂಗಿಸಿ ಗುರುತು ಹಾಕಿಕೊಳ್ಳುವರು. ತಪ್ಪದೆ ಬಂದ ಹೆಜ್ಜೆಯ ಸಪ್ಪಳವೇ ಹಡಗಿನ ನೆನಪನ್ನು ಮೆಲ್ಲಮೆಲ್ಲನೆ ಅಳಿಸುವದು.

ನಮ್ಮ ಹಳ್ಳಿಗೆ ಬರುವ ದಾದಿಯಮ್ಮನ ಬಳಿ ಕೆಮ್ಮನ್ನು ಮುಚ್ಚಿಡುವವರು ನಮ್ಮಲ್ಲಿಯೂ ಇದ್ದಾರಲ್ಲವೇ? ಅಂಥವರನ್ನು ಗದರಿಸುವದಕ್ಕಿಂತ ಮೊದಲು, ಅವರು ಯಾವದಕ್ಕೆ ಹೆದರುತ್ತಾರೆಂದು ಕೇಳೋಣ.

ಪ್ರಶ್ನೆಗಳು

1. ರೋಗಿಯನ್ನು ಕರಕೊಂಡು ಹೋಗುವಾಗ ಮನೆಯವರಿಗೆ ಏನೇನು ತಿಳಿಸತಕ್ಕದ್ದು?
2. ಹಡಗಿನ ವೈದ್ಯರು ಮಾಡಿದ ಒಳ್ಳೇದೇನು, ಕೆಟ್ಟದ್ದೇನು?
3. ಎರಡು ವಾರಕ್ಕೆ ಮಿಕ್ಕಿ ಕೆಮ್ಮುವವರು ನಿಮ್ಮ ಮನೆಯಲ್ಲಿದ್ದಾರೋ? ಇದ್ದರೆ ಪರೀಕ್ಷೆಗೆ ಅವರ ಸಂಗಡ ಹೋಗುವವರು ಯಾರು?