ಅರವತ್ತು ಸಾವಿರದ ಗಾಡಿಗೆ ಮೂವತ್ತನಾಲ್ಕು ಸಾವಿರ

ಶ್ರಾವಣದ ಮದುವೆ. ಹತ್ತೂವರೆಗೆ ಮುಹೂರ್ತ. ಸಾಲಿಗ್ರಾಮದಿಂದ ಹೊರಟು ಚುಂಚನಕಟ್ಟೆ ದಾಟಿ ಕೆ.ಆರ್. ನಗರದ ಕಡೆ ಎರಡು ಕಿಲೋಮೀಟರ್ ಕೂಡ ಹೋಗಿರಲಿಲ್ಲ, ಬಾನೆಟ್ ಸಂದಿಯಿಂದ ಹಬೆ ಏಳತೊಡಗಿತು. ಹಿಂದಿನ ಸೀಟಿನಲ್ಲಿ ನಮ್ಮತ್ತೆ, ಅವರ ಮಡಿಲಲ್ಲಿ ಹಣ್ಣುಕಾಯಿ ತಟ್ಟೆ. ಗಾಡಿಯನ್ನು ಪಕ್ಕಕ್ಕೆ ಹಾಕಿ ಇಳಿದೆ. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು ನೋಡಿದರು. ನಾನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಒಬ್ಬಾಕೆ ಅಲ್ಲಿಂದಲೇ ಕೂಗಿದಳು: "ಅದ ತಗೀಬ್ಯಾಡ ಕಣಣ್ಣ, ಮೊಕಕ್ಕೆ ಹಾರ್ತದೆ!" ಟ್ರ್ಯಾಕ್ಟರ್ ಇರುವ ಮನೆಯವಳಿರಬೇಕು. ಎಂಟು ವರ್ಷ ಕಾರು ಓಡಿಸಿದ್ದ ನನಗಿಂತ ಆಕೆಗೆ ಹೆಚ್ಚು ಗೊತ್ತಿತ್ತು.

ಒಡೆದಿದ್ದು ರಬ್ಬರ್ ಹೋಸು. ಬೆಲೆ 350 ರೂಪಾಯಿ. "ಇನ್ನೊಂದು ಮೈಲಿ ಓಡ್ಸಿದ್ರೆ ಹೆಡ್ ಗ್ಯಾಸ್ಕೆಟ್ ಹೋಗ್ಬುಡೋದು ಮೇಷ್ಟ್ರೇ" ಎಂದ ನಮ್ಮೂರ ಮೆಕ್ಯಾನಿಕ್. ರೇಡಿಯೇಟರ್ ಬಿಚ್ಚಿದಾಗ ಇನ್ನೊಂದು ಸತ್ಯವೂ ಹೊರಬಿತ್ತು. ಕೂಲೆಂಟ್‌ಗೆ ಯಾಕೆ ದುಡ್ಡು ದಂಡ ಎಂದು ವರ್ಷಗಟ್ಟಲೆ ನಾನು ತುಂಬಿಸಿದ್ದು ಬೋರ್‌ವೆಲ್ ನೀರು. ಒಳಗೆಲ್ಲ ಸುಣ್ಣ ಕಟ್ಟಿ, ನಮ್ಮ ಸ್ನಾನದ ಹಂಡೆಯ ಒಳಮೈ ಹಾಗಿತ್ತು. ರೇಡಿಯೇಟರ್, ವಾಟರ್ ಪಂಪ್, ಹೋಸು, ಕೂಲಿ ಎಲ್ಲ ಸೇರಿ 8,400 ಆಯಿತು. ಕೂಲೆಂಟ್‌ನಲ್ಲಿ ನಾನು ಅದುವರೆಗೆ ಉಳಿಸಿದ್ದು ಹೆಚ್ಚೆಂದರೆ ಎರಡು ಸಾವಿರ.

ನನ್ನದು 2008ರ ಪೆಟ್ರೋಲ್ ಕಾರು. 2016ರಲ್ಲಿ 1,65,000ಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿ ಯಾವುದೆಂದು ಹೇಳುವುದಿಲ್ಲ, ತಪ್ಪು ಕಂಪನಿಯದಲ್ಲ, ವಯಸ್ಸಿನದು. ತಗೊಳ್ಳುವಾಗ ನಾನು ನೋಡಿದ್ದು ಪೇಂಟು ಮತ್ತು ಸೀಟ್ ಕವರು. ನಮ್ಮಪ್ಪ ಚುಂಚನಕಟ್ಟೆ ಜಾತ್ರೆಯಲ್ಲಿ ಜೋಡೆತ್ತು ಕಟ್ಟುವ ಮುಂಚೆ ಹಲ್ಲು ಎಣಿಸಿ, ಬಾಯಿಗೂಡಿದೆಯೋ ಇಲ್ಲವೋ ನೋಡಿ, ಹಿಂದೆ ಮುಂದೆ ನಡೆಸಿ, ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರಕ್ಕೆ ಕೂರುತ್ತಿದ್ದರು. ಅವರ ಮಗ ಗಣಿತದ ಮೇಷ್ಟ್ರು; ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದಾ ಎಂದು ನೋಡಬೇಕು, ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಎಂದರ್ಥ, ಇಷ್ಟು ಕೂಡ ಗೊತ್ತಿರಲಿಲ್ಲ.

ರೇಡಿಯೇಟರ್ ಪ್ರಸಂಗದ ಆ ವರ್ಷ ಒಂದು ನೋಟ್‌ಬುಕ್ ಇಟ್ಟೆ. ಕ್ಲಚ್ ಸೆಟ್ ಕೂಲಿ ಸೇರಿ 7,200. ಮೇಲೆ ಹೇಳಿದ 8,400. ಬ್ಯಾಟರಿ 4,100. ಎರಡು ಟೈರು 6,200. ಮುಂದಿನ ಬುಷ್‌ಗಳು, ಬ್ರೇಕ್ ಪ್ಯಾಡ್ 4,600. ಬಲ್ಬು, ಬೆಲ್ಟು, ಆಯಿಲ್ ಎಂಬ ಸಣ್ಣಪುಟ್ಟ 3,500. ಒಟ್ಟು 34,000.

ಆ ಪುಟ ನನ್ನ ಭಾವಮೈದನ ಕಣ್ಣಿಗೆ ಬಿತ್ತು. "ಮಾರಿದ್ರೆ 60 ಸಾವಿರ ಬರೋ ಗಾಡಿಗೆ 34 ಸಾವಿರ ಸುರಿದಿದ್ದೀರಲ್ಲ ಭಾವ!" ಎಂದ. ಕೇಳಿದವರೆಲ್ಲ ಹೌದು ಹೌದು ಎಂದರು. ನಾನೂ ಒಂದು ವಾರ ಹಾಗೇ ಅಂದುಕೊಂಡು ನಿದ್ದೆಗೆಟ್ಟೆ. ಆಮೇಲೆ ಕೂತು ಲೆಕ್ಕ ಹಾಕಿದೆ.

ಭಾವಮೈದನ ಲೆಕ್ಕ ತಪ್ಪಿದ್ದು ಇಲ್ಲಿ. ರಿಪೇರಿಯನ್ನು ಗಾಡಿಯ ಬೆಲೆಯ ಪಕ್ಕದಲ್ಲಿಟ್ಟು ತೂಗಬಾರದು. 60 ಸಾವಿರ ಎಂಬುದು ಕೊಳ್ಳುವವನ ಲೆಕ್ಕ. ನಾನು ಕೇಳಬೇಕಾದದ್ದು, ಈ ಗಾಡಿ ಇಲ್ಲದಿದ್ದರೆ ಮುಂದಿನ ವರ್ಷ ಓಡಾಡಲು ನನಗೆಷ್ಟು ಬೀಳುತ್ತದೆ ಎಂದು. ಆರು ಲಕ್ಷದ ಹೊಸ ಕಾರಿಗೆ ಒಂದು ಲಕ್ಷ ಕೈಯಿಂದ ಹಾಕಿ, ಉಳಿದ ಐದು ಲಕ್ಷಕ್ಕೆ ಶೇ 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 10,379. ಬಡ್ಡಿಯೇ 1,22,000 ದಾಟುತ್ತದೆ. ನನ್ನ ಹಳೇ ಗಾಡಿಗೆ ರಿಪೇರಿ 34,000, ವಿಮೆ ಮತ್ತು ಹೊಗೆ ತಪಾಸಣೆಗೆ ಸುಮಾರು 3,000. ಅಂದರೆ ತಿಂಗಳಿಗೆ 3,100ರ ಒಳಗೆ. ಪೆಟ್ರೋಲ್ ಎರಡಕ್ಕೂ ಬೇಕೇ ಬೇಕು.

ಹಾಗಂತ ಭಾವಮೈದನ ಮಾತು ಪೂರ್ತಿ ಸುಳ್ಳೂ ಅಲ್ಲ. ಅವನು ಹೇಳಬೇಕಿದ್ದ ಮಾತನ್ನು ನಾನೇ ಹೇಳಿಬಿಡುತ್ತೇನೆ: "ಇಷ್ಟು ಖರ್ಚು ಮಾಡಿದ್ದೀನಿ, ಈಗ ಹೆಂಗೆ ಮಾರೋದು" ಎಂದು ಕೂರುವುದು ಇನ್ನೊಂದು ಬಗೆಯ ಪೆದ್ದುತನ. ಹಾಕಿದ 34,000 ಹೋಯಿತು, ಅದು ವಾಪಸ್ ಬರುವುದಿಲ್ಲ. ಪ್ರತಿ ದೊಡ್ಡ ರಿಪೇರಿಗೂ ಮುಂದಿನ ಹನ್ನೆರಡು ತಿಂಗಳ ಲೆಕ್ಕ ಹೊಸದಾಗಿ ಹಾಕಬೇಕು.

ರಿಪೇರಿಯಲ್ಲಿ ಉಳಿತಾಯ ಇರುವುದು ಪಾರ್ಟಿನಲ್ಲಲ್ಲ, ಕೂಲಿಯಲ್ಲಿ. ಮೊದಲ ಸಲ ಕ್ಲಚ್ ಪ್ಲೇಟ್ ಸವೆದಾಗ ಪ್ಲೇಟ್ ಒಂದನ್ನೇ ಹಾಕಿಸಿ ಜಾಣನಾದೆ. ಏಳು ತಿಂಗಳಿಗೆ ರಿಲೀಸ್ ಬೇರಿಂಗ್ ಕಿರುಗುಟ್ಟಿತು. ಬೇರಿಂಗಿಗೆ ಕೆಲವೇ ನೂರು ರೂಪಾಯಿ, ಆದರೆ ಅದಕ್ಕಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ಮತ್ತೆ ಅಷ್ಟೇ ಕೂಲಿ. ಗೇರ್‌ಬಾಕ್ಸ್ ಇಳಿದ ದಿನ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಆಯಿಲ್ ಸೀಲು ಎಲ್ಲ ಒಟ್ಟಿಗೆ ಆಗಿಬಿಡಬೇಕು.

ಪಾರ್ಟ್ಸಿನ ಗೋಳು ಬೇರೆ. ನಮ್ಮೂರಲ್ಲಿ ಸಿಕ್ಕರೆ ಅದೃಷ್ಟ, ಇಲ್ಲದಿದ್ದರೆ ಕೆ.ಆರ್. ನಗರ, ಅಲ್ಲೂ ಇಲ್ಲದಿದ್ದರೆ ಮೈಸೂರಿಗೆ ಫೋನು. "ಮಧ್ಯಾಹ್ನದ ಬಸ್ಸಿಗೆ ಹಾಕ್ತಾರೆ ಮೇಷ್ಟ್ರೇ" ಎನ್ನುತ್ತಾನೆ ಮೆಕ್ಯಾನಿಕ್. ಬಸ್ಸು ಬರುತ್ತದೆ, ಪಾರ್ಟೂ ಬರುತ್ತದೆ, ಒಮ್ಮೊಮ್ಮೆ ಬೇರೆ ಮಾಡೆಲ್‌ದು. ಈಗ ಹಳೆಯದನ್ನು ಬಿಚ್ಚಿ ಅದರ ಮೇಲಿನ ನಂಬರಿನ ಫೋಟೋ ಕಳಿಸದೆ ನಾನು ಆರ್ಡರ್ ಮಾಡಿಸುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ ಕೇಳಿ ಪಡೆಯಿರಿ.

ಪೆಟ್ರೋಲಿನಲ್ಲಿ ಈಗ ಶೇ 20 ಎಥನಾಲ್. 2023ರ ಏಪ್ರಿಲ್‌ಗಿಂತ ಹಿಂದಿನ ಬಹುಪಾಲು ಗಾಡಿಗಳ ರಬ್ಬರು, ಗ್ಯಾಸ್ಕೆಟ್‌ಗಳು ಅದನ್ನು ಲೆಕ್ಕಕ್ಕಿಟ್ಟು ಮಾಡಿದವಲ್ಲ. ಹಳೇ ಕಾರುಗಳ ಮೈಲೇಜ್ ಶೇ 6-7 ಕಡಿಮೆಯಾಗಬಹುದೆಂದು 2021ರ ನೀತಿ ಆಯೋಗದ ವರದಿಯಲ್ಲೇ ಇದೆ. ಫ್ಯೂಯೆಲ್ ಪೈಪುಗಳನ್ನು ಈಗ ಪ್ರತಿ ಸರ್ವಿಸಿಗೂ ಮುಟ್ಟಿ ನೋಡಿಸುತ್ತೇನೆ. ಪೆಟ್ರೋಲ್ ಸೋರಿದರೆ ಹೋಸು ಒಡೆದಷ್ಟು ಸುಲಭವಲ್ಲ.

ವಿಮೆಯಲ್ಲಿ ನಾನು ಬಹಳ ವರ್ಷ ಮೂರ್ಖನಾಗಿದ್ದೆ. ಹಳೇ ಗಾಡಿಗೆ ಫುಲ್ ಇನ್ಶೂರೆನ್ಸ್ ಕಟ್ಟುತ್ತಲೇ ಬಂದೆ. ಒಂದು ಸಲ ಬಂಪರ್ ಒಡೆಯಿತು. ಬಂಪರ್ 3,000, ಕೂಲಿ 1,200. ಪ್ಲಾಸ್ಟಿಕ್ಕಿಗೆ ಶೇ 50 ಸವಕಳಿ ಎಂದು 1,500 ಹೋಯಿತು, ಕಡ್ಡಾಯ ಕಡಿತ 1,000 ಹೋಯಿತು. ಕೈಗೆ ಬಂದದ್ದು 1,700. ಮುಂದಿನ ವರ್ಷ ಶೇ 50ರ ನೋ ಕ್ಲೇಮ್ ಬೋನಸ್ಸೂ ಹೋಯಿತು. ಈಗ ಥರ್ಡ್ ಪಾರ್ಟಿ ಮಾತ್ರ. 1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ದರ 2,094, ಮೇಲೆ ತೆರಿಗೆ. ಕಳ್ಳತನವಾದರೆ, ಮರ ಬಿದ್ದರೆ ಏನೂ ಸಿಗುವುದಿಲ್ಲ ಎಂಬುದು ಗೊತ್ತಿದ್ದೇ ತೆಗೆದುಕೊಂಡ ತೀರ್ಮಾನ. ಮಾಲೀಕನೇ ಓಡಿಸುವಾಗಿನ 15 ಲಕ್ಷದ ಅಪಘಾತ ವಿಮೆಯನ್ನು ಮಾತ್ರ ಉಳಿತಾಯದ ಹೆಸರಲ್ಲಿ ಬಿಡಬೇಡಿ.

2023ಕ್ಕೆ ಗಾಡಿಗೆ 15 ವರ್ಷ ತುಂಬಿತು. ಆರ್‌ಸಿ ನವೀಕರಣಕ್ಕೆ ಹಿಂದೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಗಿದೆ. ತಡವಾದರೆ ತಿಂಗಳಿಗೆ 500. ಶಾಲೆಯಲ್ಲಿ ಪರೀಕ್ಷೆಯ ಗಲಾಟೆ ಎಂದು ಎರಡು ತಿಂಗಳು ಮರೆತೆ, 1,000 ದಂಡ ತೆತ್ತೆ. ಅದಕ್ಕೆ ಯಾರನ್ನೂ ಬಯ್ಯುವಂತಿಲ್ಲ. ನವೀಕರಣ ಐದೇ ವರ್ಷಕ್ಕೆ. 2028ಕ್ಕೆ ಇಪ್ಪತ್ತು ತುಂಬುತ್ತದೆ, 2025ರ ಆಗಸ್ಟಿನ ಹೊಸ ದರದಂತೆ ಆಗ 10,000 ಕಟ್ಟಬೇಕು. ಕೇಳಲು ದೊಡ್ಡದು, ಆದರೆ ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 167.

ಇಷ್ಟೆಲ್ಲ ಲೆಕ್ಕ ಹಳೇ ಗಾಡಿಯ ಪರವಾಗಿಯೇ ಇದೆ. ಆದರೆ ನೋಟ್‌ಬುಕ್ಕಿನಲ್ಲಿ ಬರೆಯಲಾಗದ ಒಂದು ಬಾಬ್ತಿದೆ. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. 2019ರಿಂದೀಚೆ ಹೊಸ ಕಾರುಗಳಿಗೆ ಅವು ಕಡ್ಡಾಯ. ಮಳೆಗಾಲದ ಒಂದು ರಾತ್ರಿ, ಮಗಳನ್ನು ಮೈಸೂರಿನಿಂದ ಕರೆತರುವಾಗ, ಲೈಟಿಲ್ಲದ ಎತ್ತಿನಗಾಡಿಯೊಂದು ತೀರಾ ಹತ್ತಿರಕ್ಕೆ ಬಂದ ಮೇಲೆ ಕಂಡಿತು. ಬ್ರೇಕ್ ಒತ್ತಿದೆ, ಚಕ್ರಗಳು ಕಚ್ಚಿಕೊಂಡು ಗಾಡಿ ಜಾರಿತು, ಸ್ಟೀರಿಂಗ್ ತಿರುಗಿಸಿದರೂ ತಿರುಗಲಿಲ್ಲ. ಒಂದು ಮಾರು ಹಿಂದೆ ನಿಂತೆವು. ಮಗಳು ಮನೆ ತಲುಪುವವರೆಗೆ ಮಾತಾಡಲಿಲ್ಲ.

ಊರೊಳಗೆ, ಕೆ.ಆರ್. ನಗರದವರೆಗೆ, ಹಗಲಲ್ಲಿ ಇದೇ ಗಾಡಿ. ರಾತ್ರಿ ಅಥವಾ ಮಳೆಯಲ್ಲಿ ಮೈಸೂರಿಗೆ ಹೋಗುವುದಾದರೆ ಈಗ ಬಾಡಿಗೆ ಕಾರು ಕರೆಸುತ್ತೇವೆ. ಆಮೇಲಿನ ಹನ್ನೆರಡು ತಿಂಗಳಲ್ಲಿ ಅದಕ್ಕೆ ಆದದ್ದು 9,600 ರೂಪಾಯಿ. ನೋಟ್‌ಬುಕ್ಕಿನಲ್ಲಿ ಅದನ್ನೂ ಹಳೇ ಕಾರಿನ ಖರ್ಚಿನ ಪುಟದಲ್ಲೇ ಬರೆದಿದ್ದೇನೆ.