'ಹಟಾವೋ' ಎಂದರೆ ಯಾರು ಹಟಾಯಿಸಬೇಕು?

ನಮ್ಮ ಮನೆಯ ಮಾತು ಉರ್ದು, ಕಾಲೇಜಿನ ಬರವಣಿಗೆ ಕನ್ನಡ. ಹಾಗಾಗಿ ದೆಹಲಿಯಿಂದ ಬರುವ ರಾಜಕೀಯ ಘೋಷಣೆಗಳು ನನಗೆ ಎರಡು ಸಲ ಸಿಗುತ್ತವೆ. ರಾತ್ರಿ ಟಿವಿಯಲ್ಲಿ ಹಿಂದೂಸ್ತಾನಿಯಲ್ಲಿ, ಬೆಳಿಗ್ಗೆ ಪತ್ರಿಕೆಯಲ್ಲಿ ಕನ್ನಡದಲ್ಲಿ. ಎರಡರ ಅರ್ಥವೂ ಒಂದೇ ಎಂದುಕೊಂಡಿದ್ದೆ. ರಾಜ್ಯಶಾಸ್ತ್ರದ ತರಗತಿಗಾಗಿ 'ಗರೀಬಿ ಹಟಾವೋ' ಬಗ್ಗೆ ಟಿಪ್ಪಣಿ ಬರೆಯುವಾಗ ಹಾಗಲ್ಲ ಎಂದು ತಿಳಿಯಿತು.

1971ರ ಲೋಕಸಭಾ ಚುನಾವಣೆಯಲ್ಲಿ ವಿರೋಧ ಪಕ್ಷಗಳು ಒಂದಾಗಿ 'ಇಂದಿರಾ ಹಟಾವೋ' ಎಂದವು. ಅವರು ನನ್ನನ್ನು ತೆಗೆಯಿರಿ ಎನ್ನುತ್ತಾರೆ, ನಾನು ಬಡತನ ತೆಗೆಯಿರಿ ಎನ್ನುತ್ತೇನೆ ಎಂದು ಇಂದಿರಾ ಗಾಂಧಿ ತಿರುಗಿಸಿದರು. ಒಂದು ಕಡೆ ಜನ, ಇನ್ನೊಂದು ಕಡೆ ಅವರಿಗೆ ಅಡ್ಡ ನಿಂತವರು, ನಾನು ಜನರ ಕಡೆ: ಇಂಥ ಮಾತುಗಾರಿಕೆಗೆ ಪಾಪ್ಯುಲಿಸಂ, ಅಂದರೆ ಜನಪ್ರಿಯತಾವಾದ ಎನ್ನುತ್ತಾರೆ. ಅವರ ಪಕ್ಷಕ್ಕೆ 352 ಸ್ಥಾನ ಬಂತು.

ಈಗ ವ್ಯಾಕರಣ ನೋಡಿ. 'ಹಟಾವೋ' ವಿಧ್ಯರ್ಥಕ ಕ್ರಿಯಾಪದ, ಅಂದರೆ 'ತೆಗೆಯಿರಿ' ಎಂಬ ಆಜ್ಞೆ. 'ನಾವು ತೆಗೆಯುತ್ತೇವೆ' ಎನ್ನಬೇಕಾದರೆ 'ಹಟಾಯೇಂಗೇ' ಎನ್ನಬೇಕಿತ್ತು. ಆಗ ಅದು ಮಾತು ಕೊಟ್ಟಂತೆ. ಕನ್ನಡದಲ್ಲಿ ನಾವು ಇದನ್ನು 'ಬಡತನ ನಿರ್ಮೂಲನೆ' ಎಂದು ಬರೆದಾಗ ಅದೊಂದು ಸರ್ಕಾರಿ ಯೋಜನೆಯಂತೆ ಕಾಣುತ್ತದೆ. ಯಾರು, ಯಾರಿಗೆ ಆಜ್ಞೆ ಮಾಡಿದರು ಎಂಬ ಪ್ರಶ್ನೆಯೇ ಮಾಯ.

ಘೋಷಣೆಯ ಹಿಂದೆ ಏನೂ ಇರಲಿಲ್ಲ ಎನ್ನುವುದು ತಪ್ಪು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಅದರಲ್ಲಿದ್ದವು. ಆದರೆ ಜನರಿಗೆ ಮುಟ್ಟಿದ್ದು ವಿವರವಲ್ಲ, ಎರಡು ಪದ. ಆಗ ಟಿವಿ ದೆಹಲಿ ಬಿಟ್ಟು ಹೆಚ್ಚು ಕಡೆ ಇರಲಿಲ್ಲ. ಗೋಡೆ ಬರಹ, ಪೋಸ್ಟರ್, ಪತ್ರಿಕೆಯ ತಲೆಬರಹ, ಜೀಪಿನ ಮೈಕು ಇವಿಷ್ಟೇ. ಇವಕ್ಕೆಲ್ಲ ಎರಡು ಪದವೇ ಹೊಂದುತ್ತದೆ.

ಆಗಷ್ಟೇ ಮದುವೆಯಾಗಿ ಬಂದಿದ್ದ ನನ್ನ ದಾದಿ ಆ ಮೈಕು ಕೇಳಿದ್ದರು. "ಗರೀಬಿ ಎಲ್ಲಿರುತ್ತೆ ಬೇಟಾ? ಗರೀಬರ ಮನೇಲಿ. ನಮ್ಮನ್ನೇ ಎಬ್ಬಿಸ್ತಾರೇನೋ ಅಂತ ಹೆದರಿಕೆ ಆಯ್ತು" ಎಂದು ಈಗ ನಗುತ್ತಾರೆ. ನಾನೂ ನಕ್ಕಿದ್ದೆ. ಮುಂದಿನ ಪುಟ ಓದಿದ ಮೇಲೆ ನಗು ಬರಲಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ದೆಹಲಿಯ ಪತ್ರಿಕಾ ಕಚೇರಿಗಳ ಬೀದಿಯಲ್ಲಿ ಕರೆಂಟು ತೆಗೆದರು, ಆಮೇಲೆ ಸೆನ್ಸಾರ್ ಹಾಕಿದರು. ಜುಲೈ 1ರಂದು 20 ಅಂಶಗಳ ಕಾರ್ಯಕ್ರಮ ಘೋಷಣೆಯಾಯಿತು. ಈಗ ಅದನ್ನು ಪ್ರಶ್ನಿಸಿ ಬರೆಯುವಂತಿರಲಿಲ್ಲ. 1976ರ ಏಪ್ರಿಲ್‌ನಲ್ಲಿ ಹಳೆ ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಬಡವರ ಮನೆಗಳನ್ನು ಕೆಡವಿ, ವಿರೋಧಿಸಿದವರ ಮೇಲೆ ಗೋಲಿಬಾರ್ ಮಾಡಿದಾಗ ಆ ಸುದ್ದಿ ಮುಕ್ತವಾಗಿ ಅಚ್ಚಾಗಲಿಲ್ಲ. ಅದರ ವಿಚಾರಣೆ ನಡೆದದ್ದು ಸರ್ಕಾರ ಬದಲಾದ ಮೇಲೆ, ಶಾ ಆಯೋಗದಲ್ಲಿ. ಘೋಷಣೆ ಅದೇ. ಬದಲಾದದ್ದು ಅದನ್ನು ಪ್ರಶ್ನಿಸುವ ಬಾಯಿ ಮಾಧ್ಯಮಕ್ಕೆ ಇದೆಯೇ ಇಲ್ಲವೇ ಎಂಬುದು.

ಮುಂದೆ ಮಾಧ್ಯಮ ಬದಲಾದಂತೆ ಕ್ರಿಯಾಪದವೂ ಬದಲಾಯಿತು. 2004ರ 'ಇಂಡಿಯಾ ಶೈನಿಂಗ್' ಜಾಹೀರಾತಿನ ಭಾಷೆ. ಅದರಲ್ಲಿ ಆಜ್ಞೆಯಿಲ್ಲ, ಕೆಲಸ ಆಗಲೇ ಮುಗಿದಿದೆ ಎಂಬ ವರದಿಯಿದೆ. ಆ ಚುನಾವಣೆಯಲ್ಲಿ ಆ ಸರ್ಕಾರ ಸೋತಿತು. 2014ರಲ್ಲಿ ದಿನವಿಡೀ ಸುದ್ದಿ ವಾಹಿನಿಗಳಲ್ಲಿ 'ಅಚ್ಛೇ ದಿನ್ ಆನೇ ವಾಲೇ ಹೈಂ', ಒಳ್ಳೆಯ ದಿನಗಳು ಬರಲಿವೆ. ಇಲ್ಲಿ ಕರ್ತೃಪದ ನಾಯಕನೂ ಅಲ್ಲ, ಸರ್ಕಾರವೂ ಅಲ್ಲ, ದಿನಗಳು. ಅವು ತಾವಾಗಿ ಬರುತ್ತವೆ! 2019ರಲ್ಲಿ ರಾಹುಲ್ ಗಾಂಧಿ 'ಚೌಕೀದಾರ್ ಚೋರ್ ಹೈ' ಎಂದರೆ ನರೇಂದ್ರ ಮೋದಿ 'ಮೈಂ ಭೀ ಚೌಕೀದಾರ್' ಎಂದು ತಿರುಗಿಸಿದರು. 1971ರ ಪಟ್ಟೇ ಅದು. ಆದರೆ ಈ ಸಲ ಟ್ವಿಟರ್‌ನಲ್ಲಿ ಬೆಂಬಲಿಗರು ತಮ್ಮ ಹೆಸರಿಗೇ ಚೌಕೀದಾರ್ ಸೇರಿಸಿಕೊಂಡರು. ಕೇಳುತ್ತಿದ್ದವರೇ ಘೋಷಣೆಯ 'ನಾನು' ಆದರು. ಮೈಕು ಈಗ ನಮ್ಮ ಕೈಯಲ್ಲೇ ಇದೆ.

2023ರಲ್ಲಿ ನಮ್ಮ ರಾಜ್ಯದಲ್ಲಿ ಕಾಂಗ್ರೆಸ್ 'ಗ್ಯಾರಂಟಿ' ಎಂದಿತು. 2024ರಲ್ಲಿ ಬಿಜೆಪಿ ಪ್ರಣಾಳಿಕೆಯ ಹೆಸರೇ 'ಮೋದಿ ಕೀ ಗ್ಯಾರಂಟಿ'. ಗ್ಯಾರಂಟಿ ನಮ್ಮ ವಾಣಿಜ್ಯದ ಪದವಾದ್ದರಿಂದ ಇಲ್ಲಿ ನನ್ನ ಪುಸ್ತಕ ತೆರೆದೆ. ಪ್ರಾಮಿಸರಿ ನೋಟ್ ಊರ್ಜಿತವಾಗಬೇಕಾದರೆ ಕೊಡುವವರ ಸಹಿ, ಖಚಿತ ಮೊತ್ತ, ಷರತ್ತಿಲ್ಲದ ವಚನ ಇರಬೇಕು. ಯಾರಿಗೆ, ಯಾವಾಗ ಎಂಬುದು ಗೊತ್ತಾಗಬೇಕು. 'ಗೃಹಲಕ್ಷ್ಮಿ'ಯನ್ನು ಹೀಗೆ ಪರೀಕ್ಷಿಸಬಹುದು: ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಬಂತೋ ಇಲ್ಲವೋ ಪಾಸ್‌ಬುಕ್ಕೇ ಹೇಳುತ್ತದೆ. ಅಷ್ಟು ಹಣ ಎಲ್ಲಿಂದ ಎಂದು ಕೇಳುವುದಕ್ಕೂ ಲೆಕ್ಕ ಸಿಗುತ್ತದೆ. 'ಅಚ್ಛೇ ದಿನ್', 'ಗರೀಬಿ ಹಟಾವೋ' ಹೀಗೆ ಪರೀಕ್ಷೆಗೆ ಸಿಗುವುದಿಲ್ಲ. ಸಿಗದಿರುವುದೇ ಅವುಗಳ ಬಲ.

ಮುಂದಿನ ವರ್ಷ ನನಗೆ ಹದಿನೆಂಟು, ಮತ ಹಾಕುತ್ತೇನೆ. 'ಜನ ಮರುಳೋ ಜಾತ್ರೆ ಮರುಳೋ' ಎಂದು ದೂರ ನಿಂತು ನಗುವಂತಿಲ್ಲ, ಜಾತ್ರೆಯಲ್ಲಿ ನಾನೂ ಇರುತ್ತೇನೆ. ಆದ್ದರಿಂದ ಗೆಳತಿಯರಲ್ಲಿ, ಗೆಳೆಯರಲ್ಲಿ ಒಂದು ಕೋರಿಕೆ. ಈ ವಾರ ಯಾವ ಪಕ್ಷದ್ದಾದರೂ ಸರಿ, ಒಂದು ಘೋಷಣೆ ಬರೆದುಕೊಳ್ಳಿ. ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಮಾಡುವವರು ಯಾರು, ಎಷ್ಟು, ಯಾವಾಗ, 'ಜನ' ಎಂದಾಗ ಯಾರನ್ನು ಹೊರಗಿಟ್ಟರು ಎಂದು ಬರೆಯಿರಿ. ಅದನ್ನು ವರದಿ ಮಾಡಿದ ಪತ್ರಿಕೆ ಇವುಗಳಲ್ಲಿ ಎಷ್ಟು ಪ್ರಶ್ನೆ ಕೇಳಿತು ಎಂಬುದನ್ನೂ ಸೇರಿಸಿ. ನಮ್ಮ ಗೋಡೆ ಪತ್ರಿಕೆಯಲ್ಲಿ ಜಾಗವಿದೆ. ಮೊದಲ ಹಾಳೆ ನನ್ನದು, ದಾದಿ ಹೇಳಿದ ಮಾತು ಅದರ ಮೇಲ್ಗಡೆ ಇರುತ್ತದೆ.